ಎರಡು ಸೀಟಿನ ಕಾರಿನ ತೊಟ್ಟಿಲು

ನಮ್ಮ ಹಿತ್ತಲಿನಲ್ಲಿ, ಬಚ್ಚಲುಮನೆಯ ಗೋಡೆಗೆ ಹತ್ತಿಕೊಂಡು ಒಂದು ಕಬ್ಬಿಣದ ವಸ್ತು ಇದೆ. ಎತ್ತಿನ ನೊಗಕ್ಕೆ ನಾಲ್ಕು ಕಾಲು ಮೂಡಿದರೆ ಹೇಗಿರಬಹುದೋ ಹಾಗಿದೆ. ಅದರ ಮೇಲೆ ಹಲಗೆ ಹಾಸಿ ಅತ್ತೆ ಕುಡಿಯುವ ನೀರಿನ ಕೊಡಗಳನ್ನು ಇಡುತ್ತಾರೆ. ಮೊನ್ನೆ ಸಿದ್ಧೇಶ್ವರ ಗುಡಿಗೆ ಬಂದಿದ್ದ ದೂರದ ನೆಂಟರೊಬ್ಬರು ನಮ್ಮ ಮನೆಗೂ ಬಂದು, ನೀರು ಕುಡಿಯಲು ಹಿತ್ತಲಿಗೆ ಹೋದವರು ತಂಬಿಗೆಯನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟರು. “ಇದೇನ್ರೀ, ಆದಿಲಶಾಹಿ ಕಾಲದ ತೋಪಿನ ಗಾಡಿದೇನು?” ಎಂದರು. ವಿಜಯಪುರದಲ್ಲಿ ಇದೊಂದು ಅನುಕೂಲ. ಬೇರೆ ಊರಿನಲ್ಲಿ ತುಕ್ಕು ಹಿಡಿದದ್ದು ಗುಜರಿ, ನಮ್ಮಲ್ಲಿ ಇತಿಹಾಸ. ಅತ್ತೆ ಮುಖದ ಒಂದು ಗೆರೆಯೂ ಅಲುಗದಂತೆ, “ಹೌದ್ರಿ, ನಮ್ಮ ಹಿರ್ಯಾರ ಕಾಲದಿಂದ ಐತಿ” ಎಂದರು. ನಾನು ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದೆ.

ನಿಮಗೆ ಮಾತ್ರ ನಿಜ ಹೇಳುತ್ತೇನೆ. ಅದು ನಮ್ಮ ಹಳೆಯ ಸ್ಪೋರ್ಟ್ಸ್ ಕಾರಿನ ಮುಂದಿನ ಸಬ್‌ಫ್ರೇಮು. ಕಾರಿನ ಇಂಜಿನ್ನು, ಸ್ಟೇರಿಂಗು, ಮುಂದಿನ ಎರಡು ಗಾಲಿಗಳ ಕೈಕಾಲು, ಎಲ್ಲವನ್ನೂ ಹೊತ್ತುಕೊಂಡು ಕಾರಿನ ಮೈಗೆ ಅಂಟಿಕೊಂಡಿರುವ ಉಕ್ಕಿನ ಚೌಕಟ್ಟು. ಅದು ಹೋದರೆ ಕಾರಿನ ಮುಂಭಾಗವೇ ಹೋದಂತೆ.

ಪಶುವೈದ್ಯೆಯಾದ ನನ್ನ ಮನೆಗೆ ಸ್ಪೋರ್ಟ್ಸ್ ಕಾರು ಯಾಕೆ ಬಂತು ಎಂದು ನೀವು ಕೇಳುವುದು ಸಹಜ. ನಾನೂ ಕೇಳಿದ್ದೆ. ನಮ್ಮವರು ಇಲ್ಲಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾರೆ. ಹೆಸರು ಚಂದ್ರಶೇಖರ. ಜೀವನದಲ್ಲಿ ಅಂಗಿಯ ಬಣ್ಣವನ್ನು ಕೂಡ ಬದಲಾಯಿಸದ ಮನುಷ್ಯ. ಐವತ್ತು ತುಂಬಿದ ವರ್ಷ ಗೋವಾದ ಕಡೆಗಿದ್ದ ಹಳೆಯ ಸ್ನೇಹಿತನ ಮನೆಗೆ ಹೋದವರು, ಬರುವಾಗ ಲಾರಿಯ ಮೇಲೆ ಒಂದು ಕೆಂಪು ಕಾರು ಹೇರಿಸಿಕೊಂಡು ಬಂದರು. ಎರಡೇ ಸೀಟು. ಬಟ್ಟೆಯ ಛಾವಣಿ, ಮಡಚಿ ಹಿಂದಕ್ಕೆ ಸರಿಸಬಹುದು. ನೆಲದಿಂದ ಗೇಣೆತ್ತರ. ನಮ್ಮ ಓಣಿಯ ಆಕಳು ಅದರ ಪಕ್ಕ ನಿಂತರೆ ಆಕಳೇ ದೊಡ್ಡ ಗಾಡಿಯಂತೆ ಕಾಣುತ್ತಿತ್ತು.

ಮೊದಲ ದಿನವೇ ಒಂದು ಅನಾಹುತವಾಯಿತು. ನಮ್ಮವರು ಹೆಮ್ಮೆಯಿಂದ ಒಳಗೆ ಕುಳಿತರು. ಏಳಲು ಬರಲಿಲ್ಲ. ಅವರ ಸೊಂಟಕ್ಕೆ ಮೊದಲೇ ಒಂದು ಖಾಯಂ ತಕರಾರು ಇತ್ತು; ಅದು ಆ ಗಳಿಗೆಯಲ್ಲಿ ಎದ್ದು ನಿಂತಿತು, ಅವರು ಮಾತ್ರ ನಿಲ್ಲಲಿಲ್ಲ. ಎದುರು ಮನೆಯವರು ಇಬ್ಬರು ಬಂದು ಕಂಕುಳಿಗೆ ಕೈ ಹಾಕಿ ಎಳೆದರು. ಅಂದಿನಿಂದ ಅವರು ಆ ಕಾರನ್ನು ಒರೆಸುತ್ತಾರೆ, ನೋಡುತ್ತಾರೆ, ಹತ್ತುವುದಿಲ್ಲ. ಹಾಗಾಗಿ ಕಾರು ನನ್ನ ಪಾಲಿಗೆ ಬಂತು. ನನ್ನ ದವಾಖಾನೆ ಇರುವುದು ತಿಕೋಟಾದಲ್ಲಿ. ಅಲ್ಲಿಯವರೆಗೆ ಬಸ್ಸಿನಲ್ಲಿ ಓಡಾಡುತ್ತಿದ್ದವಳು ಕೆಂಪು ಕಾರಿನಲ್ಲಿ ಹೋಗಿ ಇಳಿದಾಗ, ಆಡು ಹಿಡಿದು ನಿಂತ ಅಜ್ಜನೊಬ್ಬ ಆಡನ್ನು ಬಿಟ್ಟು ನನಗೇ ಕೈ ಮುಗಿದಿದ್ದ.

ಬಸ್ಸು ಎಂದಾಗ ನೆನಪಾಯಿತು. ನನ್ನ ತವರು ಬಬಲೇಶ್ವರ. ಸಣ್ಣವಳಿದ್ದಾಗ ಅಪ್ಪನ ಜೊತೆ ವಿಜಯಪುರಕ್ಕೆ ಬರುವುದೆಂದರೆ ನನಗೆ ಊರಿಗಿಂತ ಬಸ್ಸೇ ಮುಖ್ಯ. ಡ್ರೈವರನ ಪಕ್ಕದಲ್ಲಿ ಇಂಜಿನ್ನಿನ ಮೇಲೆ ರೆಕ್ಸಿನ್ ಹೊದಿಸಿದ ದಿಬ್ಬವೊಂದು ಇರುತ್ತಿತ್ತು. ಬೇರೆ ಸೀಟು ಖಾಲಿ ಇದ್ದರೂ ನಾನು ಅಲ್ಲೇ ಕೂರಬೇಕು. ಬೇಸಗೆಯಲ್ಲಿ ಲಂಗದೊಳಗೆ ಕಾಲು ಸುಡುತ್ತಿತ್ತು. ಆದರೂ ಡ್ರೈವರ್ ಉದ್ದನೆಯ ಗೇರಿನ ಕೋಲನ್ನು ಎಳೆದಾಗ ಇಡೀ ಬಸ್ಸು ಗೊಣಗಿಕೊಂಡು ಮಾತು ಕೇಳುವುದನ್ನು ಹತ್ತಿರದಿಂದ ನೋಡಬೇಕಿತ್ತು. ಅಪ್ಪ, “ಇಕಿ ಡ್ರೈವರನ್ನ ಲಗ್ನ ಆಗ್ತಾಳ ನೋಡ್ರಿ” ಎಂದು ಎಲ್ಲರೆದುರು ನಗುತ್ತಿದ್ದರು. ಆಗಿದ್ದು ಕಾರು ಹತ್ತದ ಲೆಕ್ಚರರನ್ನು. ಇರಲಿ.

ಕಾರಿನ ಎರಡನೆಯ ಸೀಟಿನ ವಿಷಯಕ್ಕೆ ಬರುತ್ತೇನೆ. ಅದು ಕೆಲವು ವಾರ ಖಾಲಿ ಇತ್ತು. ನನ್ನ ಔಷಧಿ ಪೆಟ್ಟಿಗೆ ಕುಳಿತಿರುತ್ತಿತ್ತು. ಒಂದು ಸೋಮವಾರ ಬೆಳಿಗ್ಗೆ ಅತ್ತೆ ಇಳಕಲ್ಲಿನ ಸೀರೆ ಉಟ್ಟು, ತಲೆಗೆ ಸೆರಗು ಬಿಗಿದು ಬಾಗಿಲಲ್ಲಿ ನಿಂತಿದ್ದರು. “ನಾನೂ ಬರ್ತೇನಿ” ಎಂದರು. ಪೆಟ್ಟಿಗೆಯನ್ನು ಡಿಕ್ಕಿಗೆ ಹಾಕಿದೆ.

ನನಗೂ ಅತ್ತೆಗೂ ಜಗಳವಿರಲಿಲ್ಲ. ಜಗಳಕ್ಕೂ ಒಂದು ಸಲಿಗೆ ಬೇಕಲ್ಲ, ಅದೂ ಇರಲಿಲ್ಲ. ಮದುವೆಯಾಗಿ ಬಂದಾಗಿನಿಂದ “ಊಟಾತು?”, “ಹಾಲ ಕಾಸೀದಿ?” ಇಷ್ಟರಲ್ಲೇ ನಮ್ಮ ಸಂಸಾರ ನಡೆದಿತ್ತು. ಅವರ ಹೆಸರು ಗಂಗಾಬಾಯಿ, ತವರು ಬಿಜ್ಜರಗಿ, ಅಳೆದು ಮಾತಾಡುವ ಹೆಂಗಸು. ನಾನು ಎಮ್ಮೆಗಳ ಜೊತೆ ಮಾತಾಡಿ ಬಾಯಿ ದಣಿಸಿಕೊಂಡು ಮನೆಗೆ ಬರುವವಳು. ಆದರೆ ಆ ಕಾರಿನಲ್ಲಿ ಛಾವಣಿ ತೆರೆದು ಹೊರಟರೆ ಗಾಳಿಯ ಸದ್ದಿಗೆ ಏನು ಹೇಳುವುದಿದ್ದರೂ ಕಿರುಚಿಯೇ ಹೇಳಬೇಕು. ಕಿರುಚಿ ಹೇಳುವ ಮಾತಿನಲ್ಲಿ ಸಂಕೋಚ ಉಳಿಯುವುದಿಲ್ಲ. ಊರು ದಾಟಿದ ಕೂಡಲೇ ಅತ್ತೆ ಕೂಗಿದರು:

“ನೀ ಮಾಡೂ ಉಪ್ಪಿಟ್ಟ ನನಗ ಸೇರಾಂಗಿಲ್ಲ!”

“ಏನ್ರಿ?”

“ಉಪ್ಪಿಟ್ಟ! ಮದಲಿನ ದಿನದಿಂದ ಸೇರಾಂಗಿಲ್ಲ!”

“ನನಗೂ ಸೇರಾಂಗಿಲ್ರಿ! ನಿಮಗ ಸೇರ್ತೈತಿ ಅಂತ ಮಾಡ್ತೇನಿ!”

ಅತ್ತೆ ನನ್ನ ಕಡೆ ತಿರುಗಿದರು. ಸೆರಗು ಗಾಳಿಗೆ ಹಾರಿ ಮುಖ ಮುಚ್ಚಿತ್ತು. ಅದರೊಳಗಿಂದ ನಗು ಕೇಳಿಸಿತು. ಆ ಮನೆಯಲ್ಲಿ ಅಷ್ಟು ವರ್ಷ ಕಳೆದರೂ ನಾನು ಕೇಳದೆ ಇದ್ದ ನಗು.

ಆಮೇಲೆ ವಾರಕ್ಕೆ ಎರಡು ಮೂರು ಸಲ ಬರತೊಡಗಿದರು. ಹೆಣ್ಣು ನೋಡಲು ಬಂದವರನ್ನು ಕಂಡು ಬೇವಿನ ಮರ ಹತ್ತಿ ಕುಳಿತದ್ದು, ಮಾವನವರು ಲಗ್ನವಾದ ಹೊಸದರಲ್ಲಿ ಗೋಳಗುಮ್ಮಟಕ್ಕೆ ಕರೆದೊಯ್ದು ಗೋಡೆಗೆ ಬಾಯಿಟ್ಟು ಅವರ ಹೆಸರು ಪಿಸುಗುಟ್ಟಿದ್ದು, ಆ ಹೆಸರು ಸುತ್ತು ತಿರುಗಿ ಯಾರೋ ಗುರುತಿಲ್ಲದ ಗಂಡಸಿನ ಕಿವಿಗೆ ಬಿದ್ದು ಅವನು ಗಾಬರಿಯಾದದ್ದು, ಎಲ್ಲ ನನಗೆ ಗೊತ್ತಾದದ್ದು ತಿಕೋಟಾ ರಸ್ತೆಯಲ್ಲಿ. ನಾನು ದವಾಖಾನೆಯಲ್ಲಿರುವಷ್ಟು ಹೊತ್ತು ಅತ್ತೆ ಬಾನುವಿನ ಶೆಡ್ಡಿನಲ್ಲಿ ಕೂರುತ್ತಿದ್ದರು. ಬಾನು ಒಣದ್ರಾಕ್ಷಿ ಆರಿಸಿ ಮಾರುವ ವ್ಯಾಪಾರದವಳು. ನಾಲ್ಕಾರು ಹೆಂಗಸರು ಗುಡ್ಡೆ ಹಾಕಿದ ದ್ರಾಕ್ಷಿಯ ಸುತ್ತ ಕುಳಿತು ಕಡ್ಡಿ ತೆಗೆಯುತ್ತಿರುತ್ತಾರೆ. ಅತ್ತೆ ಹೋಗಿ ಕೈ ಹಚ್ಚುವರು, ಬಾಯಿಯನ್ನೂ ಹಚ್ಚುವರು. ಬಾನುವಿನ ಗಂಡ ದಸ್ತಗೀರ ಅದೇ ಶೆಡ್ಡಿನ ಇನ್ನೊಂದು ಮಗ್ಗುಲಲ್ಲಿ ಟ್ರ್ಯಾಕ್ಟರು, ಔಷಧಿ ಹೊಡೆಯುವ ಯಂತ್ರ ದುರಸ್ತಿ ಮಾಡುವವನು.

ಒಮ್ಮೆ ಬಬಲೇಶ್ವರಕ್ಕೆ ಹೋಗಿ ಬರುವಾಗ ತಿರುವಿನಲ್ಲಿ ಕಾರಿನ ಮುಂದಿನಿಂದ ಕಟಕ್ ಎಂಬ ಸದ್ದು ಬಂತು. ಮತ್ತೊಂದು ತಿರುವಿನಲ್ಲಿ ಮತ್ತೊಮ್ಮೆ. ಮರುದಿನ ದಸ್ತಗೀರನ ಮುಂದೆ ನಿಲ್ಲಿಸಿದೆ. ಅವನು ಜಾಕ್ ಹಚ್ಚಿ, ಅಂಗಾತ ಕೆಳಗೆ ಸರಿದು, ಸ್ಕ್ರೂಡ್ರೈವರಿನಿಂದ ಒಂದು ಕಡೆ ಚುಚ್ಚಿದ. ಅದು ಹಿಡಿಯ ತನಕ ಒಳಗೆ ಹೋಯಿತು. ಕೆಂಪು ಹಪ್ಪಳದಂಥ ಚೂರುಗಳು ಅವನ ಮುಖದ ಮೇಲೆ ಉದುರಿದವು.

“ಡಾಕ್ಟರಬಾಯಾರ, ಇದು ತೊಟ್ಲ ಇದ್ದಂಗ್ರಿ. ಇಂಜಿನ್ನು ಕೂಸು. ಕೂಸು ಗಟ್ಟಿಮುಟ್ಟ ಐತಿ, ತೊಟ್ಲ ಗೆದ್ದಲ ತಿಂದೈತಿ.”

“ನಮ್ಮ ಕಡೆ ಇಷ್ಟ ತುಕ್ಕ ಹೆಂಗ ಹಿಡೀತು, ದಸ್ತಗೀರ?”

“ಇದು ನಮ್ಮೂರ ತುಕ್ಕ ಅಲ್ರಿ, ಸಮುದ್ರದ್ದು. ನಮ್ಮೂರಾಗ ಮನುಷ್ಯಾರಿಗೆ ಕುಡ್ಯಾಕ ನೀರ ಸಾಲಾಂಗಿಲ್ಲ, ಕಬ್ಬಿಣಕ್ಕ ಎಲ್ಲಿಂದ ಸಿಗಬೇಕ್ರಿ?”

ತೇಪೆ ಹಾಕಿ ವೆಲ್ಡಿಂಗ್ ಮಾಡೋಣವೇ ಎಂದು ಮೊದಲು ಅವನೇ ಉತ್ಸಾಹ ತೋರಿಸಿದ. ಇನ್ನೊಂದು ಕಡೆ ಚುಚ್ಚಿದ. ಅಲ್ಲಿಯೂ ಒಳಗೆ ಹೋಯಿತು. “ತೇಪಿ ಹಚ್ಚಾಕ ಬಟ್ಟಿನ ಉಳದಿಲ್ರಿ” ಎಂದು ಎದ್ದು ಕುಳಿತ. ಬದಲಿಸದೆ ಓಡಿಸಿದರೆ ಯಾವತ್ತೋ ಒಂದು ದಿನ ಗಾಲಿ ಒಂದು ದಾರಿ, ಕಾರು ಒಂದು ದಾರಿ.

ಸಂಜೆ ಮನೆಯಲ್ಲಿ ಇದನ್ನು ಹೇಳಿದಾಗ ನಮ್ಮವರು ಕೂಡಲೇ ತೀರ್ಮಾನ ಕೊಟ್ಟರು. ಬಬಲೇಶ್ವರ ರಸ್ತೆಯಲ್ಲಿ ಖಾನಾವಳಿ ತೆರೆಯುತ್ತಿದ್ದ ಒಬ್ಬಾತ ಈ ಕಾರನ್ನು ಕೇಳಿದ್ದನಂತೆ. ಕಟ್ಟೆಯ ಮೇಲೆ ನಿಲ್ಲಿಸಿ, ಒಳಗೆ ಮಣ್ಣು ತುಂಬಿ, ಹೂವಿನ ಗಿಡ ಹಚ್ಚಿದರೆ ಗಿರಾಕಿಗಳು ನಿಂತು ಫೋಟೋ ತೆಗೆದುಕೊಳ್ಳುತ್ತಾರೆ ಎಂದು ಅವನ ವಿಚಾರ.

“ಕೊಟ್ಟಬಿಡೂಣು. ಹಳೇ ಗಾಡಿ. ಆ ಸಾಮಾನ ಈ ದೇಶದಾಗ ಸಿಗೂದಿಲ್ಲ” ಎಂದರು.

ಅತ್ತೆ ತಟ್ಟೆಗೆ ರೊಟ್ಟಿ ಮುರಿದು ಹಾಕಿದವರು ಮುಟ್ಟಲಿಲ್ಲ. “ನನ್ನ ಗಾಡ್ಯಾಗ ಸೇವಂತಿಗಿ ಬೆಳಸ್ತಾನ ಅಂವಾ?”

“ನಿನ್ನ ಗಾಡಿ ಯಾವಾಗ ಆತು ಬೇ?”

“ನೀ ಹತ್ತಾಂಗಿಲ್ಲ, ನಾ ಹತ್ತತೇನಿ. ಮತ್ತ ಯಾರದು?”

ನಮ್ಮವರು ನನ್ನ ಕಡೆ ನೋಡಿದರು. ಸೊಸೆಯಾದವಳು ಅತ್ತೆಯ ಮಾತಿಗೆ ಅಡ್ಡ ಬರುತ್ತಾಳೆ ಎಂಬ ಲೋಕರೂಢಿಯ ಭರವಸೆ ಪಾಪ. “ಅತ್ತಿ ಹೇಳೂದು ಖರೆ ಐತ್ರಿ” ಎಂದೆ. ಅವರು ಕೈ ತೊಳೆದು ಎದ್ದು ಹೋದರು. ಮೂರು ದಿನ ಮನೆಯಲ್ಲಿ ಮಾತಿಲ್ಲ. ಸಿಟ್ಟು ಬಂದದ್ದು ಸೋತದ್ದಕ್ಕೆ ಎಂದು ನಾನು ತಿಳಿದಿದ್ದೆ. ಅದಲ್ಲ ಎಂದು ಆಮೇಲೆ ಗೊತ್ತಾಯಿತು.

ಮಾರೋಣ ಎಂದವರೇ ಆ ಮೂರು ದಿನವೂ ಫೋನಿನಲ್ಲಿ ಆ ಚೌಕಟ್ಟು ಹುಡುಕುತ್ತಿದ್ದರು. ನಮ್ಮಂಥದೇ ಕಾರೊಂದು ಮುಂಬೈಯಲ್ಲಿ ಹಿಂದಿನಿಂದ ಗುದ್ದಿಸಿಕೊಂಡು ಬಿಡಿಬಿಡಿಯಾಗಿ ಮಾರಾಟಕ್ಕೆ ಕುಳಿತಿತ್ತು. ಅದರ ಮುಂಭಾಗಕ್ಕೆ ಏನೂ ಆಗಿರಲಿಲ್ಲ. ಬಾನುವಿನ ದ್ರಾಕ್ಷಿ ಹೊತ್ತು ಹೋದ ಲಾರಿ ಖಾಲಿ ಬರುವಾಗ ಗೋಣಿಚೀಲದಲ್ಲಿ ಸುತ್ತಿದ ಆ ಚೌಕಟ್ಟನ್ನು ತಂದಿತು. ಚೀಲ ಬಿಚ್ಚಿದಾಗ ಒಳಗೂ ಹೊರಗೂ ದ್ರಾಕ್ಷಿಯ ವಾಸನೆ. ಅತ್ತೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ದಸ್ತಗೀರನಿಗೆ, “ಒರಸಬ್ಯಾಡೋ ಮತ್ತ, ಹಂಗ ಕೂಡಸು” ಎಂದು ತಾಕೀತು ಮಾಡಿದರು.

ಭಾನುವಾರ ಎಲ್ಲರೂ ತಿಕೋಟಾದ ಶೆಡ್ಡಿನಲ್ಲಿ ಸೇರಿದೆವು. ಕಾರು ಅವತ್ತಿನಿಂದ ಅಲ್ಲೇ ಇತ್ತು; ನಮ್ಮವರೂ ನಮ್ಮ ಜೊತೆ ಬಸ್ಸಿನಲ್ಲಿ ಬಂದರು. ಕಬ್ಬಿಣದ ತೊಲೆಯಿಂದ ಸರಪಳಿ ರಾಟೆ ಇಳಿಬಿಟ್ಟು ದಸ್ತಗೀರ ಇಂಜಿನ್ನನ್ನು ಮೇಲಿನಿಂದ ತೂಗುಹಾಕಿದ. ಗಾಲಿ ಬಿಚ್ಚಿದ, ಸ್ಟೇರಿಂಗಿನ ಕೀಲು ಬಿಚ್ಚಿದ. ದ್ರಾಕ್ಷಿ ಆರಿಸುವ ಹೆಂಗಸರು ತಮ್ಮ ಮೊರಗಳನ್ನು ಇತ್ತ ಎಳೆದುಕೊಂಡು ಬಂದು ಕುಳಿತರು. ಕೈ ಅವರ ಕೆಲಸದಲ್ಲಿ, ಕಣ್ಣು ನಮ್ಮ ಕೆಲಸದಲ್ಲಿ. ನಮ್ಮವರು ಫೋನಿನಲ್ಲಿ ಇಳಿಸಿಕೊಂಡಿದ್ದ ಇಂಗ್ಲಿಷ್ ಕೈಪಿಡಿಯನ್ನು ಕ್ಲಾಸಿನ ಧ್ವನಿಯಲ್ಲಿ ಓದತೊಡಗಿದರು.

“ಸಾಹೇಬ್ರ,” ಎಂದ ದಸ್ತಗೀರ ಕೆಳಗಿನಿಂದ, “ಜರಾ ಸಣ್ಣಗ ಓದ್ರಿ. ಬೋಲ್ಟ ಹೆದರಿ ಒಳಗ ಹೊಂಟಾವು.”

ಉಳಿದ ಬೋಲ್ಟುಗಳು ಗೊಣಗುತ್ತ ಬಂದವು. ಎಡಗಡೆ ಹಿಂದಿನದು ಬರಲಿಲ್ಲ. ಡೀಸೆಲ್ ಸುರಿದು ನೆನೆಸಿದರು, ಕಾಯಿಸಿದರು, ಬಡಿದರು. ಅದರ ನಟ್ಟು ಇರುವುದು ಮೇಲೆ, ಇಂಜಿನ್ನಿಗೂ ಕಾರಿನ ಮೈಗೂ ನಡುವಿನ ಸಂದಿಯಲ್ಲಿ. ಕೆಳಗೆ ಬೋಲ್ಟು ತಿರುಗಿಸಿದರೆ ಮೇಲೆ ನಟ್ಟೂ ಅದರ ಜೊತೆಗೇ ತಿರುಗುತ್ತಿತ್ತು. ಯಾರಾದರೂ ಅದನ್ನು ಪಾನಾ, ಅಂದರೆ ಸ್ಪ್ಯಾನರಿನಿಂದ, ಹಿಡಿದುಕೊಳ್ಳಬೇಕು. ದಸ್ತಗೀರನ ತೋಳು ಆ ಸಂದಿಯಲ್ಲಿ ಮೊಳಕೈ ತನಕವೂ ಹೋಗಲಿಲ್ಲ.

ನಾನು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ರವಿಕೆಯ ತೋಳು ಮೇಲೆ ಸರಿಸಿ, ರೂಢಿಯ ಪ್ರಕಾರ ಸಾಬೂನು ಕೇಳಿದೆ. ಬಾನು ನಗುತ್ತ ತಂದು ಕೊಟ್ಟಳು. ಎಮ್ಮೆಯ ಹೊಟ್ಟೆಯಲ್ಲಿ ಅಡ್ಡ ತಿರುಗಿದ ಕರುವಿನ ಕಾಲು ಹುಡುಕಿ ಹುಡುಕಿ ನನ್ನ ಬೆರಳುಗಳಿಗೆ ಕತ್ತಲಲ್ಲಿ ಓಡಾಡುವುದು ಗೊತ್ತು. ಮುಖವನ್ನು ಬಾನೆಟ್ಟಿನ ಅಂಚಿಗೆ ಒತ್ತಿ, ತೋಳನ್ನು ಭುಜದ ತನಕ ಇಳಿಸಿದೆ. ಪೈಪು, ವೈರು, ಏನೋ ಜಿಡ್ಡು, ಆಮೇಲೆ ಆರು ಮೂಲೆಯ ಒಂದು ಗಡ್ಡೆ. ಪಾನಾ ಕೂಡಿಸಿದೆ. “ತಿರುವು!” ಎಂದು ಕೂಗಿದೆ. ದಸ್ತಗೀರ ಕೆಳಗಿನಿಂದ ಜಗ್ಗಿದ. ನನ್ನ ಮಣಿಕಟ್ಟು ಕಬ್ಬಿಣಕ್ಕೆ ಬಡಿದು ಕಣ್ಣಲ್ಲಿ ನೀರು ಬಂತು. ಬಿಡಲಿಲ್ಲ. ಕಟ್ ಎಂದು ಸದ್ದಾಯಿತು, ನಟ್ಟು ನನ್ನ ಅಂಗೈಗೆ ಬಂದು ಬಿತ್ತು.

ತೋಳು ಕರ್ರಗೆ ಮಾಡಿಕೊಂಡು ಮುಷ್ಟಿ ಹೊರಗೆ ತೆಗೆದಾಗ ಬಾನು ಕೇಳಿದಳು, “ಹೆಣ್ಣೇನ್ರಿ, ಗಂಡೇನ್ರಿ, ಡಾಕ್ಟರಬಾಯಾರ?”

ಶೆಡ್ಡೆಲ್ಲ ನಗುವಾಯಿತು. ಅತ್ತೆ ನನ್ನ ಮಣಿಕಟ್ಟನ್ನು ತಮ್ಮ ಸೆರಗಿನಿಂದ ಒರೆಸಿದರು. ಇಳಕಲ್ಲಿನ ಸೆರಗು ಎಂದು ನಾನು ಕೈ ಎಳೆದುಕೊಳ್ಳಲು ನೋಡಿದೆ, ಬಿಡಲಿಲ್ಲ.

ಕಷ್ಟ ಅಲ್ಲಿಗೆ ಮುಗಿದಿರಲಿಲ್ಲ. ಈಗ ಹಿತ್ತಲಿನಲ್ಲಿರುವ ಹಳೆಯ ಚೌಕಟ್ಟು ಕೆಳಗಿಳಿಯಿತು, ಹೊಸದು ಮೇಲೇರಿತು, ಒಂದು ತೂತು ಮಾತ್ರ ಬೆರಳಿನಷ್ಟು ಸರಿದು ನಿಂತಿತು. ಹೊಡೆದರೂ ತಳ್ಳಿದರೂ ಕೂಡಲಿಲ್ಲ. ಸುಸ್ತಾದ ದಸ್ತಗೀರ, ಸದ್ಯಕ್ಕೆ ಇದೊಂದು ಬಿಟ್ಟು ಉಳಿದವನ್ನು ಬಿಗಿದುಬಿಡೋಣ ಎಂದ. ಆಗ ನಮ್ಮವರು ಫೋನನ್ನು ಬಾನುವಿನ ಕೈಗೆ ಕೊಟ್ಟು, ಕನ್ನಡಕ ತೆಗೆದು ಜೇಬಿಗಿಟ್ಟು, ಕಾರಿನ ಕೆಳಗೆ ಗೋಣಿತಟ್ಟಿನ ಮೇಲೆ ಮಲಗಿಬಿಟ್ಟರು. ಅಂಗಿಯ ಬಣ್ಣ ಅವತ್ತು ಬದಲಾಯಿತು.

“ಬಿಟ್ಟು ಬಿಗಿಯೂ ಮಾತ ಇಲ್ಲ. ಎಲ್ಲಾ ಸಡಿಲ ಬಿಡು. ಹಾರಿ ಕೊಡು ಇಲ್ಲೆ.”

“ಏ ಚಂದ್ರು, ಹೊರಗ ಬಾರೋ, ಸೊಂಟ ಹಿಡದೀತು!” ಎಂದರು ಅತ್ತೆ.

“ಸೊಂಟದ ಡಾಕ್ಟರ ನೆಲದ ಮ್ಯಾಲ ಮಲಗ ಅಂದಾರ ಬೇ, ಮಲಗೇನಿ.” ಹಾರೆ ಕಬ್ಬಿಣಕ್ಕೆ ತಿಕ್ಕಿತು. ಆಮೇಲೆ ಕಾರಿನ ಕೆಳಗಿನಿಂದ ಅವರ ಮಾತು, ಕ್ಲಾಸಿನ ಧ್ವನಿಯಲ್ಲ, ಬಂತು. “ನಿಮಗಿಬ್ರಿಗೂ ಇದು ಮೋಜು. ನೀವು ಹೋದ ಮ್ಯಾಲ ನಾ ಬಾಗಲದಾಗ ನಿಂತಿರ್ತೇನಿ, ಗೊತ್ತೇನು? ನನ್ನ ಇಡೀ ಮನಿ ಆ ಎರಡ ಸೀಟಿನ್ಯಾಗ ಹೊಂಟಿರ್ತೈತಿ. ಅದಕ್ಕ ಮಾರೂಣು ಅಂದೆ.”

ಹೆಂಗಸರ ಮೊರಗಳು ನಿಂತವು. ಅತ್ತೆ ಹೋಗಿ ಕಾರಿನ ಹೊರಗೆ ಚಾಚಿದ್ದ ಮಗನ ಪಾದಗಳ ಹತ್ತಿರ ಕುಕ್ಕರುಗಾಲಲ್ಲಿ ಕುಳಿತು, ಒಂದರ ಮೇಲೆ ಕೈ ಇಟ್ಟುಕೊಂಡರು. ಒಳಗೆ ಹಾರೆ ಇನ್ನೊಮ್ಮೆ ಮೀಟಿತು. ದಸ್ತಗೀರ ಟಾರ್ಚು ಹಿಡಿದು ನೋಡಿ, “ಬೆಳಕ ಕಾಣ್ತ್ರಿ! ತೂತ ಕೂಡ್ತ್ರಿ!” ಎಂದು ಕೂಗಿದ. ಬೋಲ್ಟುಗಳನ್ನು ಮೊದಲು ಕೈಯಿಂದ, ಆಮೇಲೆ ಪಾನಾದಿಂದ ಬಿಗಿದರು. ಪ್ರತಿಯೊಂದನ್ನೂ ದಸ್ತಗೀರ ಬಿಗಿದ ಮೇಲೆ ನಮ್ಮವರು ಮುಟ್ಟಿ ನೋಡಿದರು. ಅವರನ್ನು ಹೊರಗೆ ಎಳೆಯಲು ಮಾತ್ರ ಮೂವರು ಬೇಕಾದರು.

ನಗರದ ಅಂಗಡಿಯಲ್ಲಿ ಗಾಲಿಗಳ ಓರೆಕೋರೆ ತಿದ್ದಿಸಿದ ಮೇಲೆ, ಮರುವಾರ ಅತ್ತೆಯನ್ನು ಕೂರಿಸಿಕೊಂಡು ಬಿಜ್ಜರಗಿಯ ಕಡೆಗೆ ಹೊರಟೆ. ನಮ್ಮವರು ಬಾಗಿಲಲ್ಲಿ ನಿಂತು ಕೈ ಎತ್ತಿದರು. ಮೊದಲ ಸಲ ನಾನೂ ತಿರುಗಿ ಕೈ ಎತ್ತಿದೆ. ರಸ್ತೆಯುದ್ದಕ್ಕೂ ಕಿವಿಯೆಲ್ಲ ಮುಂದಿನ ಗಾಲಿಗಳ ಮೇಲೆ. ತಿರುವು ಬಂತು, ಸದ್ದಿಲ್ಲ. ಇನ್ನೊಂದು ಬಂತು, ಸದ್ದಿಲ್ಲ. ಆಮೇಲೆ ಭುಜ ಸಡಿಲವಾಯಿತು. ಎರಡೂ ಕಡೆ ದ್ರಾಕ್ಷಿ ತೋಟ, ಅದರಾಚೆ ಕಡಲೆ ಬಿತ್ತಿದ ಎರೆಹೊಲ.

“ಈ ಹಾದ್ಯಾಗ ನಮ್ಮಪ್ಪನ ಚಕ್ಕಡಿ ಬರ್ತಿತ್ತು!” ಅತ್ತೆ ಕೂಗಿದರು. “ಗಂಡಸೂರು ಮುಂದ. ನಾವು ಹುಡಿಗ್ಯಾರು ಹಿಂದ, ಕಾಲ ಇಳಿಬಿಟ್ಕೊಂಡು. ನಮಗ ದಾಟಿ ಬಂದ ಹಾದಿ ಅಷ್ಟ ಕಾಣ್ತಿತ್ತು!”

ಬಿಜ್ಜರಗಿ ಇನ್ನೂ ಸ್ವಲ್ಪ ದೂರವಿರುವಾಗ ಕುರಿಗಳ ಹಿಂಡು ರಸ್ತೆ ತುಂಬಿತು. ನಿಲ್ಲಿಸಿದೆ. ಕುರುಬ ನನ್ನನ್ನು ಗುರುತು ಹಿಡಿದ. ಡಾಕ್ಟರನ್ನು ಕಂಡ ಮೇಲೆ ಬಿಡುತ್ತಾನೆಯೇ? ಕುಂಟುವ ಕುರಿಯೊಂದನ್ನು ತಂದು ರಸ್ತೆಯಂಚಿನಲ್ಲಿ ಕೆಡವಿದ. ಇಳಿದು ಗೊರಸಿನ ಸಂದಿಯಲ್ಲಿದ್ದ ಜಾಲಿಮುಳ್ಳು ತೆಗೆದು, ಔಷಧಿ ಹಚ್ಚಿ, ಕೈ ಒರೆಸಿಕೊಂಡು ತಿರುಗಿದರೆ ಎಡಗಡೆಯ ಸೀಟು ಖಾಲಿ. ಅತ್ತೆ ಸುತ್ತು ಹಾಕಿ ಬಂದು ನನ್ನ ಜಾಗದಲ್ಲಿ ಕುಳಿತಿದ್ದರು. ಎರಡೂ ಕೈ ಸ್ಟೇರಿಂಗಿನ ಮೇಲೆ. ಎಳೆಯ ಕೂಸು ಹಿಡಿದಷ್ಟು ಜೋಪಾನ.

“ಸುಮ್ನ ಕುಂತೇನಿ” ಎಂದರು, ನನ್ನ ಮುಖ ನೋಡದೆ. “ಇಲ್ಲಿಂದ ಹೆಂಗ ಕಾಣ್ತೈತಿ ಅಂತ.”

ನಾನು ಬಗ್ಗಿ ಗೇರು ನ್ಯೂಟ್ರಲಿನಲ್ಲಿದೆಯೇ, ಹ್ಯಾಂಡ್‌ಬ್ರೇಕು ಎಳೆದಿದೆಯೇ ಎಂದು ನೋಡಿದೆ. ಸುತ್ತಿಕೊಂಡು ಹೋಗಿ ಅವರ ಸೀಟಿನಲ್ಲಿ ಕುಳಿತು ಬಾಗಿಲು ಹಾಕಿಕೊಂಡೆ.

“ಕೀಲಿ ತಿರುವ್ರಿ, ಅತ್ತಿ.”

“ಏ, ಹುಚ್ಚಿ! ತವರ ಮನಿ ಹಾದಿ ಇದು. ಯಾರರ ನೋಡಿದ್ರ?”

“ನೋಡ್ಲಿ.”

ಅತ್ತೆ ಹೊಲದ ಕಡೆ ನೋಡಿದರು, ಕುರುಬನ ಕಡೆ ನೋಡಿದರು. ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡು ಕೀಲಿ ತಿರುಗಿಸಿದರು. ಇಂಜಿನ್ನು ಒಮ್ಮೆಲೇ ಎದ್ದಿತು. ಅತ್ತೆ ಕೆಂಡ ಮುಟ್ಟಿದವರಂತೆ ಕೈ ತೆಗೆದರು, ಮತ್ತೆ ಹಿಡಿದರು. ಆಮೇಲೆ ಸೀಟಿನಲ್ಲಿ ಜಾರಿ, ಕಾಲು ಚಾಚಿ, ತಾವಾಗಿಯೇ ಪೆಡಲು ಹುಡುಕಿ ಒತ್ತಿದರು. ನಿಂತ ಕಾರು ಹೊಲವೆಲ್ಲ ಕೇಳುವಂತೆ ಗುಡುಗಿತು. ಕುರಿಗಳು ಚೆಲ್ಲಾಪಿಲ್ಲಿಯಾದವು. “ಯವ್ವಾ, ಯಾರ ಬೇ ಅದು?” ಎಂದು ಕುರುಬ ಕೂಗಿದ.

“ನಾ ಗಂಗಾಬಾಯಿ!” ಅತ್ತೆ ತಿರುಗಿ ಕೂಗಿದರು. “ಇದ ಊರಾಕಿ!”

ಇನ್ನೊಮ್ಮೆ ಒತ್ತಿದರು. ಕುರಿಗಳೆಲ್ಲ ದಾಟಿ ಹೋಗಿ ರಸ್ತೆ ಖಾಲಿಯಾದ ಮೇಲೂ ಬಹಳ ಹೊತ್ತು ಅವರು ಆ ಸೀಟು ಬಿಡಲಿಲ್ಲ.